ಏಕಾಂಕ ಮೊದಲು, ಸನ್ಮಾನ ಆಮೇಲೆ

ಭಾಂಡುಪ್‌ನ ಕನ್ನಡಿಗರಿಗೆ ನಾಟಕವೆಂದರೆ ಹೆಚ್ಚಾಗಿ ಸ್ಲೋ ಲೋಕಲ್ ಹತ್ತಿ ಹೋಗಿಬರುವ ಸಂಗತಿ. ಒಂದು ಕಡೆ ನಾಹೂರು ದಾಟಿದರೆ ಮುಲುಂಡಿನ ಕಾಳಿದಾಸ ನಾಟ್ಯಮಂದಿರ. ಇನ್ನೊಂದು ಕಡೆ ಘಾಟ್ಕೋಪರ್, ಕುರ್ಲಾ, ಸಯಾನ್ ಕಳೆದರೆ ಮಾಟುಂಗದಲ್ಲಿ 1926ರಿಂದ ನಡೆದುಬಂದ ಮೈಸೂರು ಅಸೋಸಿಯೇಷನ್. ಕಾರ್ಖಾನೆಯ ಪಾಳಿ, ಹೋಟೆಲಿನ ಗಲ್ಲಾ, ಮಕ್ಕಳ ಟ್ಯೂಷನ್ ಎಲ್ಲ ಮುಗಿಸಿ ಹೊರಡುವವರಿಗೆ ಮೂರು ತಾಸಿನ ನಾಟಕ ಭಾರವೇ. ಎರಡು ಮೂರು ಏಕಾಂಕ, ಜೊತೆಗೊಂದು ಗೀತನಾಟಕ ಇಟ್ಟು ನೋಡಿ, ಇಡೀ ಮನೆ ಬರುತ್ತದೆ.

ಆದರೆ ಏಕಾಂಕವನ್ನು ದೊಡ್ಡ ನಾಟಕದ ತುಂಡು ಎಂದು ನೋಡಿದರೆ ನಿರಾಸೆಯೇ ಗತಿ. ಪೂರ್ಣ ನಾಟಕಕ್ಕೆ ಮನುಷ್ಯ ಬದಲಾಗುವುದನ್ನು ತೋರಿಸಲು ಪುರುಸೊತ್ತಿದೆ. ಏಕಾಂಕಕ್ಕೆ ಸಿಗುವುದು ಅವನು ಬಯಲಾಗುವ ಗಳಿಗೆ ಮಾತ್ರ. ಟಿ.ಪಿ. ಕೈಲಾಸಂ ಅವರ ‘ಟೊಳ್ಳುಗಟ್ಟಿ’ ಎಂಬ ಕಿರುನಾಟಕದಲ್ಲಿ ಈ ಗುಟ್ಟು ಚೆನ್ನಾಗಿ ಕಾಣುತ್ತದೆ. ಒಬ್ಬ ಮಗ ಓದಿನಲ್ಲಿ ಮುಂದೆ, ಇನ್ನೊಬ್ಬ ಹಿಂದೆ. ಮನೆಗೆ ಬೆಂಕಿ ಬಿದ್ದಾಗ ಯಾರು ಟೊಳ್ಳು, ಯಾರು ಗಟ್ಟಿ ಎಂದು ಯಾರೂ ಹೇಳಬೇಕಾಗುವುದಿಲ್ಲ. ಅದಕ್ಕೇ ಏಕಾಂಕದ ಮೊದಲ ಐದು ನಿಮಿಷ ತಪ್ಪಿಸಬೇಡಿ. ಅಲ್ಲಿ ಬರುವ ಒಂದು ಸಣ್ಣ ಮಾತು ಕೊನೆಯಲ್ಲಿ ಇಡೀ ನಾಟಕವನ್ನು ಹೊರುತ್ತದೆ.

ಗೀತನಾಟಕದ ಲೆಕ್ಕವೇ ಬೇರೆ. ಕಂಪನಿ ನಾಟಕಗಳಲ್ಲಿ ರಾತ್ರಿಯಿಡೀ ಹಾಡು ಹರಿಯುತ್ತಿತ್ತು. ಜನ ‘ಒನ್ಸ್ ಮೋರ್’ ಎಂದರೆ ಸಾಯುತ್ತಿದ್ದ ಪಾತ್ರವೂ ಎದ್ದು ಹಾಡಬೇಕು! ಕೈಲಾಸಂ, ಶ್ರೀರಂಗರ ಹವ್ಯಾಸಿ ರಂಗಭೂಮಿ ಹಾಡನ್ನು ಬದಿಗಿಟ್ಟು ಮಾತನ್ನು ಮುಂದೆ ತಂದಿತು. 1972ರ ಹೊತ್ತಿಗೆ ಕಂಬಾರರ ‘ಜೋಕುಮಾರಸ್ವಾಮಿ’ಯಂಥ ನಾಟಕದೊಂದಿಗೆ ಬಿ.ವಿ. ಕಾರಂತರು ಹಾಡನ್ನು ಮರಳಿ ಕರೆತಂದರು, ಆದರೆ ಕೆಲಸ ಕೊಟ್ಟು ಕರೆತಂದರು. ಕಥೆ ಮುಂದೆ ಸಾಗುವುದೇ ಹಾಡಿನಲ್ಲಿ. ಪು.ತಿ.ನ. ಅವರ ‘ಗೋಕುಲ ನಿರ್ಗಮನ’ದಲ್ಲಿ ಕೃಷ್ಣ ಊರು ಬಿಟ್ಟು ಹೊರಡುತ್ತಾನೆ, ಅಷ್ಟೇ ಕಥೆ, ಉಳಿದವರ ಸಂಕಟವನ್ನು ರಾಗ ಹೊರುತ್ತದೆ. ಊರು ಬಿಟ್ಟೇ ಮುಂಬಯಿಗೆ ಬಂದ ನಮಗೆ ಅದನ್ನು ವಿವರಿಸಿ ಹೇಳಬೇಕೇ? ಕನ್ನಡ ಓದಲು ಬಾರದ, ಮರಾಠಿ, ಹಿಂದಿಯಲ್ಲೇ ಬೆಳೆಯುತ್ತಿರುವ ನಮ್ಮ ಮಕ್ಕಳಿಗೂ ಮೊದಲು ಹತ್ತಿರವಾಗುವುದು ಹಾಡೇ.

ಎರಡು ನಾಟಕಗಳ ನಡುವಿನ ಕತ್ತಲೆಯಲ್ಲಿ ಇಬ್ಬರು ಹುಡುಗರು ಬೆಂಚು ಎತ್ತಿಡುವುದನ್ನು ಗಮನಿಸಿ. ಅದೇ ಬೆಂಚು ಮೊದಲು ಜಗಲಿ, ಆಮೇಲೆ ಆಸ್ಪತ್ರೆಯ ಮಂಚ. ಇಷ್ಟು ಕಡಿಮೆ ಸರಂಜಾಮು ಸಾಕಾಗುವುದರಿಂದಲೇ ದಿನವಿಡೀ ದುಡಿಯುವವರೂ ಭಾನುವಾರಗಳಲ್ಲಿ ತಾಲೀಮು ಮಾಡಿ ರಂಗಕ್ಕೆ ಬರಬಲ್ಲರು.

ಅವರಿಗೆ ನಾವು ಮಾಡುವ ಅನ್ಯಾಯವೊಂದಿದೆ. ಸ್ವಾಗತ, ಭಾಷಣ, ಶಾಲು, ಹಾರಗಳಲ್ಲೇ ಒಂದೂವರೆ ತಾಸು ಕಳೆದು, ಪರದೆ ಏಳುವ ಹೊತ್ತಿಗೆ ಹಿಂದಿನ ಸಾಲಿನವರು ರೈಲಿನ ಹೊತ್ತು ನೋಡತೊಡಗಿರುತ್ತಾರೆ. ಸಂಘಟಕರಲ್ಲಿ ಒಂದೇ ವಿನಂತಿ: ನಾಟಕ ಮೊದಲು ಆಗಲಿ, ಸನ್ಮಾನ ಕೊನೆಗಿರಲಿ.