ಬೇಸಿಗೆಯ ಮನೆಗೆ ಕಿಟಕಿಯ ಫ್ಯಾನು

ಯುಗಾದಿ ಕಳೆಯುತ್ತಲೇ ನಮ್ಮ ಚಿಕಿತ್ಸಾಲಯಕ್ಕೆ ಬರುವ ಹಿರಿಯರ ದೂರುಗಳು ಬಹುಮಟ್ಟಿಗೆ ಒಂದೇ ಬಗೆಯವಾಗಿರುತ್ತವೆ. ರಾತ್ರಿ ನಿದ್ರೆಯಿಲ್ಲ, ಬೆಳಿಗ್ಗೆ ಎದ್ದಾಗ ಬಾಯಿ ಒಣಗಿರುತ್ತದೆ, ತಲೆ ಭಾರ, ಕಣ್ಣುರಿ, ಮೂತ್ರದಲ್ಲಿ ಉರಿ, ಮಲಬದ್ಧತೆ. ಅವರಿಗೆ ಬೇಕಾದ ಔಷಧವನ್ನು ನಾವು ಕೊಡುತ್ತೇವೆ. ಆದರೆ ಅದಕ್ಕೂ ಮೊದಲು ಒಂದು ಪ್ರಶ್ನೆ ಕೇಳುವುದು ನಮ್ಮ ರೂಢಿ: ತಾವು ಮಲಗುವ ಕೋಣೆಗೆ ಕಿಟಕಿಗಳೆಷ್ಟು, ರಾತ್ರಿ ಅವು ತೆರೆದಿರುತ್ತವೆಯೋ ಮುಚ್ಚಿರುತ್ತವೆಯೋ? ಸೊಳ್ಳೆಯ ಕಾಟಕ್ಕೆ, ಕಳ್ಳರ ಭಯಕ್ಕೆ ಮುಚ್ಚಿರುತ್ತೇವೆ ಎಂದೇ ಹೆಚ್ಚಿನವರು ಹೇಳುತ್ತಾರೆ. ತಲೆಯ ಮೇಲೆ ಫ್ಯಾನು ತಿರುಗುತ್ತಿರುವಾಗ ಕಿಟಕಿಯ ಹಂಗೇಕೆ ಎಂಬ ಭಾವವೂ ಆ ಉತ್ತರದಲ್ಲಿ ಅಡಗಿರುತ್ತದೆ. ಈ ಭಾವವನ್ನು ನಾವು ಒಪ್ಪುವುದಿಲ್ಲ.

ಛಾವಣಿಯ ಫ್ಯಾನು ಗಾಳಿಯನ್ನು ತಂಪು ಮಾಡುವುದಿಲ್ಲ. ಕೋಣೆಯಲ್ಲಿರುವ ಗಾಳಿಯನ್ನೇ ಅದು ಮತ್ತೆ ಮತ್ತೆ ಕಲಕುತ್ತದೆ. ಆ ಗಾಳಿ ಮೈಯ ಬೆವರನ್ನು ಆರಿಸುವುದರಿಂದ ನಮಗೆ ತಂಪೆನಿಸುತ್ತದೆ, ಅಷ್ಟೆ. ಯಾರೂ ಇಲ್ಲದ ಕೋಣೆಯಲ್ಲಿ ಫ್ಯಾನನ್ನು ಹಗಲೆಲ್ಲ ತಿರುಗಲು ಬಿಟ್ಟರೂ ಆ ಕೋಣೆಯ ಉಷ್ಣ ಇಳಿಯದು. ಮೇಲಾಗಿ, ಬಿಸಿ ಗಾಳಿಯ ಸ್ವಭಾವ ಮೇಲೇರುವುದು. ಸ್ಲ್ಯಾಬಿನ ಕೆಳಗೆ ನಿಂತಿರುವ ಆ ಕಾವನ್ನು ಫ್ಯಾನು ಕೆಳಗಿಳಿಸಿ ಮಲಗಿದವರ ಮೇಲೆ ಸುರಿಯುತ್ತದೆ. ಬೆವರು ಚೆನ್ನಾಗಿ ಬರುವ ತರುಣರು ಇದನ್ನು ತಾಳಿಕೊಳ್ಳಬಲ್ಲರು. ವಯಸ್ಸಾದವರಲ್ಲಿ ಬೆವರೂ ಕಡಿಮೆ, ಬಾಯಾರಿಕೆಯ ಅರಿವೂ ಕಡಿಮೆ.

ನಮ್ಮ ಹಿರಿಯರು ಕಟ್ಟಿದ ಮೇಲ್ಮುದ್ದೆಯ ಮಣ್ಣಿನ ಮನೆಗಳಲ್ಲಿ ಈ ತೊಂದರೆ ಇಷ್ಟಿರಲಿಲ್ಲ. ಮೊಳಕ್ಕೂ ಮಿಕ್ಕ ದಪ್ಪದ ಗೋಡೆ, ಜಂತಿಯ ಮೇಲೆ ಹಾಸಿದ ದಪ್ಪ ಮಣ್ಣು, ಮಾಳಿಗೆಯ ನಡುವೆ ಬೆಳಕಿಂಡಿ. ಹಗಲಿನ ಬಿಸಿಲು ಒಳಗಿಳಿಯುವಷ್ಟರಲ್ಲಿ ಸಂಜೆಯಾಗುತ್ತಿತ್ತು; ಒಳಗಿನ ಬಿಸಿಗಾಳಿ ಬೆಳಕಿಂಡಿಯಿಂದ ತಾನಾಗಿಯೇ ಹೊರಗೆ ಹೋಗುತ್ತಿತ್ತು. ಇಂದು ಕಲಬುರಗಿ, ರಾಯಚೂರು, ವಿಜಯಪುರ, ಬಾಗಲಕೋಟೆಯ ಕಡೆ ಹಳ್ಳಿಗಳಲ್ಲಿಯೂ ಕಾಂಕ್ರೀಟಿನ ಸ್ಲ್ಯಾಬು ಬಂದಿದೆ, ಅದಿಲ್ಲದಿದ್ದರೆ ತಗಡು. ತಗಡು ಬೇಗ ಕಾದು ಬೇಗ ಆರುತ್ತದೆ. ಸ್ಲ್ಯಾಬು ಹಾಗಲ್ಲ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿಗೂ ಮೇಲೇರುವ ಬಿಸಿಲನ್ನು ಅದು ಹಗಲೆಲ್ಲ ಕುಡಿದು ನಡುರಾತ್ರಿಯವರೆಗೂ ಕೆಳಗಿನವರ ಮೇಲೆ ಕಾರುತ್ತದೆ. ಅಂಗಳದಲ್ಲಿ ತಂಗಾಳಿ ಬೀಸುತ್ತಿದ್ದರೂ ಮನೆಯೊಳಗೆ ಒಲೆಯ ಬಾಯಲ್ಲಿ ಕುಳಿತಂತಾಗುತ್ತದೆ. ಹೊರಗೆ ಧಾರಾಳವಾಗಿರುವ ತಂಪನ್ನು ಒಳಗೆ ತರುವ ದಾರಿ ನಮಗಿಲ್ಲ. ಆ ದಾರಿಯನ್ನು ಮಾಡಿಕೊಡುವ ಸಾಧನವೇ ಕಿಟಕಿಯ ಫ್ಯಾನು.

ನಮ್ಮ ಶಾಸ್ತ್ರಕ್ಕೆ ಈ ವಿಚಾರ ಹೊಸದಲ್ಲ. ಗ್ರೀಷ್ಮ ಋತುವಿನಲ್ಲಿ ಹಗಲು ತಂಪಾದ ಗೃಹದಲ್ಲಿಯೂ ರಾತ್ರಿ ಬೆಳದಿಂಗಳಿನಿಂದ ತಣಿದ, ಗಾಳಿಯಾಡುವ ಮಹಡಿಯ ಮೇಲೆಯೂ ಮಲಗಬೇಕೆಂದು ಚರಕ ಸಂಹಿತೆ ವಿಧಿಸುತ್ತದೆ. ಬೀಸಣಿಗೆಯ ಗಾಳಿ ದಾಹ, ಶ್ರಮ, ಬೆವರು, ಮೂರ್ಛೆಗಳನ್ನು ಕಳೆಯುತ್ತದೆಂದು ಸುಶ್ರುತಾಚಾರ್ಯರು ಹೇಳುತ್ತಾರೆ; ರಭಸದ ಗಾಳಿ ಮೈಯನ್ನು ರೂಕ್ಷಗೊಳಿಸಿ ಬಿಗಿತವನ್ನು ತರುತ್ತದೆಂಬ ಎಚ್ಚರಿಕೆಯನ್ನೂ ಕೊಡುತ್ತಾರೆ. ನಮಗೆ ಎಲ್ಲಕ್ಕಿಂತ ಮಹತ್ವದ್ದಾಗಿ ಕಾಣುವುದು ಚರಕ ಸಂಹಿತೆಯ ಸೂತ್ರಸ್ಥಾನದ 15ನೆಯ ಅಧ್ಯಾಯದಲ್ಲಿ ಬರುವ ರೋಗಿಯ ಗೃಹದ ವರ್ಣನೆ. ಆ ಗೃಹಕ್ಕೆ ಗಾಳಿ ನೇರವಾಗಿ ನುಗ್ಗಕೂಡದು, ಆದರೆ ಅದರ ಒಂದು ಭಾಗದಲ್ಲಿ ಗಾಳಿ ಆಡುತ್ತಿರಬೇಕು. ಹೊಗೆ, ಬಿಸಿಲು, ಧೂಳುಗಳು ಒಳಗೆ ಬರಕೂಡದು. ನಿವಾತ ಮತ್ತು ಪ್ರವಾತ, ಈ ಎರಡನ್ನೂ ಒಂದೇ ಮನೆಯಲ್ಲಿ ಕೂಡಿಸಬೇಕೆಂಬುದು ಇದರ ತಾತ್ಪರ್ಯ. ಮೈಮೇಲೆ ಗಾಳಿ ಹೊಡೆಯಬಾರದು, ಮನೆಯಲ್ಲಿ ಗಾಳಿ ನಿಲ್ಲಲೂಬಾರದು.

ಆದುದರಿಂದ ಕಿಟಕಿಯ ಫ್ಯಾನು ಹೊರಮುಖವಾಗಿ ಊದುವಂತಿರಬೇಕೆಂಬುದು ನಮ್ಮ ಖಚಿತವಾದ ಅಭಿಪ್ರಾಯ. ಹೊರಗಿನ ಗಾಳಿಯನ್ನು ಒಳಕ್ಕೆ ಊದುವಂತೆ ಇಟ್ಟರೆ ಒಬ್ಬರ ಮೈಮೇಲೆ ಮಾತ್ರ ಗಾಳಿ ಬೀಳುತ್ತದೆ, ಬೀದಿಯ ಧೂಳೂ ಜೊತೆಗೆ ಬರುತ್ತದೆ. ಬೆಳಗಾಗುವಷ್ಟರಲ್ಲಿ ಕುತ್ತಿಗೆ, ಭುಜ ಹಿಡಿದುಕೊಂಡಿರುತ್ತವೆ. ಹೊರಕ್ಕೆ ಊದುವಂತೆ ಇಟ್ಟರೆ ಮನೆಯ ಕಾದ ಗಾಳಿ ಹೊರಟುಹೋಗಿ, ಆ ತೆರವನ್ನು ತುಂಬಲು ತೆರೆದಿರುವ ಉಳಿದ ಕಿಟಕಿಗಳಿಂದ ಹೊರಗಿನ ತಂಪು ಮೆಲ್ಲನೆ ಬರುತ್ತದೆ. ಯಾವ ಕಿಟಕಿಯಿಂದ ಬರಬೇಕೆಂಬುದು ನಮ್ಮ ಕೈಯಲ್ಲಿಯೇ ಇರುತ್ತದೆ. ಹಿತ್ತಲಿನ ಬೇವಿನ ಮರದ ಕಡೆಯ ಕಿಟಕಿಯನ್ನು ತೆರೆದು ಚರಂಡಿಯ ಕಡೆಯದನ್ನು ಮುಚ್ಚಿದರಾಯಿತು.

ಅಮೆರಿಕದಲ್ಲಿ ಮಕ್ಕಳ ಮನೆಗೆ ಹೋಗಿ ಬಂದವರು, ಅಲ್ಲಿ ಕಿಟಕಿಯ ಸಂದಿನಲ್ಲಿಯೇ ಕೂರುವ ಜೋಡಿ ಫ್ಯಾನುಗಳಿವೆ, ಅಂಥದೇ ತರಿಸೋಣವೇ ಎಂದು ಕೇಳುವುದುಂಟು. ಅವು ಮೇಲಕ್ಕೆ ಸರಿಸಿ ತೆರೆಯುವ ಅಲ್ಲಿಯ ಕಿಟಕಿಗಳಿಗೆ ತಕ್ಕವು. ಕಬ್ಬಿಣದ ಸರಳಿನ ನಮ್ಮ ಕಿಟಕಿಗೆ ಹೊಂದುವುದು ಅಡುಗೆಮನೆಗೆಂದು ಮಾರುವ ಎಕ್ಸಾಸ್ಟ್ ಫ್ಯಾನೇ. ಅದು ಎಲ್ಲ ಪೇಟೆಗಳಲ್ಲಿಯೂ ಸಿಗುತ್ತದೆ. 6 ಅಂಗುಲದ್ದು ಬಚ್ಚಲಮನೆಗೆ ಸಾಕು, ಮಲಗುವ ಕೋಣೆಗೆ ಸಾಲದು. 9 ಅಥವಾ 12 ಅಂಗುಲದ್ದನ್ನು ಕೊಳ್ಳಬೇಕು. ಪೆಟ್ಟಿಗೆಯ ಮೇಲೆ ಗಂಟೆಗೆ ಎಷ್ಟು ಘನ ಮೀಟರ್ ಗಾಳಿ ಸಾಗಿಸುತ್ತದೆಂದು ಬರೆದಿರುತ್ತದೆ. ಅಂಗಡಿಯವರು ಬೆಲೆಯನ್ನಷ್ಟೇ ಹೇಳುತ್ತಾರೆ, ಈ ಅಂಕಿಯನ್ನು ನಾವೇ ಓದಬೇಕು. 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಕೋಣೆಯಲ್ಲಿ ಸುಮಾರು 34 ಘನ ಮೀಟರ್ ಗಾಳಿಯಿರುತ್ತದೆ. ಗಂಟೆಗೆ 600 ಘನ ಮೀಟರ್ ಸಾಗಿಸುವ ಫ್ಯಾನು ಆ ಕೋಣೆಯ ಗಾಳಿಯನ್ನು ಗಂಟೆಗೆ ಹದಿನೇಳು ಸಲ ಬದಲಿಸಬಲ್ಲದು. ಸೊಳ್ಳೆಯ ಜಾಲರಿಯ ಅಡ್ಡಿಯಿಂದ ಅರ್ಧಕ್ಕೆ ಇಳಿದರೂ ಚಿಂತೆಯಿಲ್ಲ. ಎರಡು ಫ್ಯಾನುಗಳ ಅಂಕಿ ಒಂದೇ ಆಗಿದ್ದರೆ ದೊಡ್ಡ ಅಲಗಿನದನ್ನು, ನಿಧಾನವಾಗಿ ತಿರುಗುವುದನ್ನು ಆರಿಸಬೇಕು. ನಿದ್ರೆಗಾಗಿ ತಂದ ಫ್ಯಾನಿನ ಸದ್ದೇ ನಿದ್ರೆಯನ್ನು ಕೆಡಿಸಬಾರದಲ್ಲವೇ? ಅಂಗಡಿಯಲ್ಲಿಯೇ ಹಚ್ಚಿಸಿ ಕೇಳಿ ನೋಡುವುದಕ್ಕೆ ಸಂಕೋಚಪಡಬೇಕಾಗಿಲ್ಲ.

ಕೂರಿಸುವ ಕೆಲಸದಲ್ಲಿ ಬಡಗಿಗಳು ಸಾಮಾನ್ಯವಾಗಿ ಅಲಕ್ಷಿಸುವ ಸಂಗತಿಯೊಂದಿದೆ. ಕಿಟಕಿಯ ಮೇಲ್ಭಾಗದಲ್ಲಿ ಫ್ಯಾನನ್ನು ಕೂರಿಸಿ ಸುತ್ತಲಿನ ತೆರವನ್ನು ಹಾಗೆಯೇ ಬಿಟ್ಟರೆ, ಹೊರಗೆ ಹೋದ ಬಿಸಿಗಾಳಿ ಆ ಸಂದಿನಿಂದಲೇ ಮರಳಿ ಒಳಗೆ ಬರುತ್ತದೆ. ಫ್ಯಾನು ತಿರುಗುತ್ತಿರುತ್ತದೆ, ಮನೆ ಮಾತ್ರ ತಣಿಯುವುದಿಲ್ಲ. ಪ್ಲೈವುಡ್ ಹಲಗೆಯಲ್ಲಿ ಫ್ಯಾನಿನ ಅಳತೆಗೆ ರಂಧ್ರ ಕೊರೆಸಿ, ಉಳಿದ ಭಾಗವನ್ನೆಲ್ಲ ಆ ಹಲಗೆಯಿಂದಲೇ ಮುಚ್ಚಿಸಬೇಕು. ಗಾಳಿ ಒಳಬರುವ ತೆರವು ಫ್ಯಾನಿನ ಬಾಯಿಗಿಂತ ಎರಡು ಮೂರು ಪಟ್ಟು ದೊಡ್ಡದಾಗಿರಬೇಕು. ಅದು ಕೆಳಮಟ್ಟದಲ್ಲಿದ್ದು ಎದುರಿನ ಗೋಡೆಯಲ್ಲಿದ್ದರೆ ಉತ್ತಮ. ಕೋಣೆಗೆ ಇರುವುದು ಒಂದೇ ಕಿಟಕಿಯಾದರೆ ಬಾಗಿಲನ್ನು ತೆರೆದಿಟ್ಟು ಪಡಸಾಲೆಯ ಕಿಟಕಿಯಿಂದ ಗಾಳಿ ಬರುವಂತೆ ಮಾಡಬಹುದು. ಊರಿನಲ್ಲಿ ಸಂಜೆಯ ಗಾಳಿ ಪಡುವಣದಿಂದ ಬೀಸುತ್ತಿದ್ದರೆ ಫ್ಯಾನು ಪಡುವಣಕ್ಕೆ ಮುಖ ಮಾಡಿರಬಾರದು, ಗಾಳಿಯೊಡನೆ ಜಗಳವಾಡಿ ಗೆಲ್ಲುವ ಶಕ್ತಿ ಅದಕ್ಕಿಲ್ಲ. ಹೊರಬದಿಗೆ ಜಾಲರಿ ಬೇಕು, ಇಲ್ಲವಾದರೆ ಗುಬ್ಬಿಗಳು ಗೂಡು ಕಟ್ಟುತ್ತವೆ. ಒಳಬದಿಗೂ ಜಾಲರಿ ಬೇಕು, ಮಕ್ಕಳ ಬೆರಳಿಗಾಗಿ.

ಇದಕ್ಕಿಂತ ಮಿಗಿಲಾದುದು ಕಾಲದ ವಿವೇಕ. ಬೆಳಿಗ್ಗೆ ಎಂಟು ಗಂಟೆಯೊಳಗೆ ಫ್ಯಾನನ್ನು ನಿಲ್ಲಿಸಿ ಕಿಟಕಿಗಳನ್ನು ಮುಚ್ಚಿ, ಬಿಸಿಲಿನ ಕಡೆಯವಕ್ಕೆ ಪರದೆ ಎಳೆಯಬೇಕು. ಮಧ್ಯಾಹ್ನದಲ್ಲಿ ಫ್ಯಾನು ಹಚ್ಚಿದರೆ ಹೊರಗಿನ ಬೆಂಕಿಯನ್ನು ತಾವೇ ಮನೆಗೆ ಕರೆದಂತಾಗುತ್ತದೆ. ಸೂರ್ಯಾಸ್ತದ ಬಳಿಕ ಅಂಗಳದಲ್ಲಿ ನಿಂತು ನೋಡಬೇಕು. ಹೊರಗಿನ ಗಾಳಿ ಒಳಗಿನದಕ್ಕಿಂತ ತಂಪಾಗಿದೆ ಎನಿಸಿದೊಡನೆ, ಊರಿಗೆ ತಕ್ಕಂತೆ ಎಂಟಕ್ಕೋ ಹತ್ತಕ್ಕೋ, ಫ್ಯಾನು ಹಚ್ಚಿ ಬೆಳಗಿನವರೆಗೂ ಬಿಡಬೇಕು. ರಾತ್ರಿಯ ತಂಪು ಗೋಡೆಗೂ ನೆಲದ ಪರಸಿಗೂ ಇಳಿಯುತ್ತದೆ, ಮರುದಿನ ಮಧ್ಯಾಹ್ನದವರೆಗೆ ಅದೇ ನಮ್ಮನ್ನು ಕಾಯುತ್ತದೆ. 50 ವಾಟಿನ ಫ್ಯಾನು ಎಂಟು ಗಂಟೆ ತಿರುಗಿದರೆ ಅರ್ಧ ಯೂನಿಟ್ ವಿದ್ಯುತ್ತೂ ಖರ್ಚಾಗದು. ಬಯಲುಸೀಮೆಯ ಒಣಗಾಳಿಯಲ್ಲಿ, ಗಾಳಿ ಒಳಬರುವ ಕಿಟಕಿಗೆ ಲಾವಂಚದ ತಡಿಕೆಯನ್ನೋ ತೆಳುವಾದ ಹತ್ತಿಯ ಬಟ್ಟೆಯನ್ನೋ ನೀರಿನಲ್ಲಿ ಅದ್ದಿ ತೂಗುಹಾಕಿದರೆ ತಂಪು ಇನ್ನೂ ಹೆಚ್ಚುತ್ತದೆ. ಮಂಗಳೂರು, ಉಡುಪಿ, ಕಾರವಾರದ ಕಡೆಯ ಭಕ್ತರಿಗೆ ಈ ಉಪಾಯ ಹೊಂದದು. ಅಲ್ಲಿ ಗಾಳಿಯೇ ತೇವವಾದುದರಿಂದ ಒದ್ದೆ ಬಟ್ಟೆ ಸೆಕೆಯನ್ನೇ ಹೆಚ್ಚಿಸುತ್ತದೆ. ರಾತ್ರಿಯ ಉಷ್ಣವೂ ಅಷ್ಟಾಗಿ ಇಳಿಯುವುದಿಲ್ಲ. ಅವರು ಮೈಗೆ ಮೆಲ್ಲನೆ ತಾಗುವ ಗಾಳಿಯನ್ನೇ ನೆಚ್ಚಬೇಕು.

ಸೊಳ್ಳೆಯ ಮಾತು ಬಂದೇ ಬರುತ್ತದೆ. ಡೆಂಗೀ ಜ್ವರದ ಕಾಲದಲ್ಲಿ ಕಿಟಕಿ ತೆರೆಯಿರಿ ಎಂದು ಸುಮ್ಮನೆ ಹೇಳುವ ವೈದ್ಯರು ನಾವಲ್ಲ. ಗಾಳಿ ಬರುವ ಕಿಟಕಿಗಳಿಗೆಲ್ಲ ಜಾಲರಿ ಹಾಕಿಸಿದ ಮೇಲೆಯೇ ಫ್ಯಾನಿನ ಮಾತು. ತಿಂಗಳಿಗೊಮ್ಮೆ ಅದನ್ನು ತೊಳೆಯಬೇಕು, ಧೂಳು ಹಿಡಿದ ಜಾಲರಿ ಗೋಡೆಗೆ ಸಮಾನ. ಕಳ್ಳರ ಭಯವಿದ್ದರೆ ಸರಳುಗಳು ಗಟ್ಟಿಯಾಗಿರಲಿ.

ಒಂದು ಅಪಾಯವನ್ನು ಮಾತ್ರ ಒತ್ತಿ ಹೇಳಬೇಕಾಗಿದೆ. ಹೊರಕ್ಕೆ ಊದುವ ಫ್ಯಾನು ಗಾಳಿಯನ್ನು ಎಲ್ಲಿಂದಾದರೂ ಎಳೆದುಕೊಳ್ಳುತ್ತದೆ. ಎಲ್ಲ ಕಿಟಕಿಗಳನ್ನೂ ಮುಚ್ಚಿ ಅದನ್ನು ಹಚ್ಚಿದರೆ, ಬಚ್ಚಲಿನ ಗ್ಯಾಸ್ ಗೀಜರಿನ ಹೊಗೆಯನ್ನೋ ಸೌದೆ ಒಲೆಯ, ಇದ್ದಿಲ ಅಗ್ಗಿಷ್ಟಿಕೆಯ ಹೊಗೆಯನ್ನೋ ಮನೆಯೊಳಗೇ ಎಳೆದು ತಂದೀತು. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಮಲಗಿದವರು ಮಲಗಿದಂತೆಯೇ ಪ್ರಾಣ ಬಿಡಬಹುದು. ಬಾಣಂತಿಯ ಕೋಣೆಯಲ್ಲಿ ಬೆಂಕಿ ಹಾಕಿದ್ದಾಗ, ಯಾರಾದರೂ ಗ್ಯಾಸ್ ಗೀಜರಿನ ಬಿಸಿನೀರಿನಲ್ಲಿ ಸ್ನಾನ ಮಾಡುತ್ತಿದ್ದಾಗ ಕಿಟಕಿಯ ಫ್ಯಾನು ನಿಂತಿರಲೇಬೇಕು.

ಏಸಿ ಹಾಕಿಸಿದರೆ ಈ ರಗಳೆಯೇ ಇಲ್ಲವಲ್ಲ ಎನ್ನುವವರಿದ್ದಾರೆ. ಶಕ್ತಿಯಿದ್ದವರು ಹಾಕಿಸಲಿ, ನಮ್ಮ ವಿರೋಧವಿಲ್ಲ. ಹೃದ್ರೋಗಿಗಳಿಗೆ, ತೀರ ವೃದ್ಧರಿಗೆ ಕಡುಬೇಸಿಗೆಯ ಕೆಲವು ವಾರಗಳಲ್ಲಿ ಅದು ಪ್ರಾಣರಕ್ಷಕವೂ ಆದೀತು. ಆದರೆ ನಾವು ರೋಗಿಗಳನ್ನು ನೋಡಲು ಹೋಗುವ ಮನೆಗಳಲ್ಲಿ ಸಾಲ ಮಾಡಿ ತಂದ ಏಸಿ ಮಗ ಸೊಸೆಯರ ಕೋಣೆಯಲ್ಲಿರುತ್ತದೆ. ಮುಪ್ಪಿನ ತಂದೆತಾಯಿಗಳು ಮೇಲಿನ ತಗಡಿನ ಕೋಣೆಯಲ್ಲಿಯೋ ಕಾಳುಕಡಿ ತುಂಬಿದ ಕಿಟಕಿಯಿಲ್ಲದ ಕೋಣೆಯಲ್ಲಿಯೋ ಮಲಗಿರುತ್ತಾರೆ. ಮಕ್ಕಳು ಕೆಟ್ಟವರೆಂದು ನಾವು ಹೇಳುತ್ತಿಲ್ಲ. ಹಿರಿಯರೇ ತಮಗೆ ಏನೂ ಬೇಡವೆನ್ನುತ್ತಾರೆ, ಕಿರಿಯರು ಅದನ್ನು ನಂಬುತ್ತಾರೆ. 2003ರ ಆಗಸ್ಟ್ ತಿಂಗಳಲ್ಲಿ ಫ್ರಾನ್ಸ್ ದೇಶದಲ್ಲಿ ಬಿಸಿಗಾಳಿಗೆ ಸುಮಾರು 15,000 ಜನ ಸತ್ತರು. ಅವರಲ್ಲಿ ಬಹುಪಾಲು ವೃದ್ಧರು. ಛಾವಣಿಯ ನೇರ ಕೆಳಗೆ ಮಲಗುವ ಕೋಣೆಯುಳ್ಳವರಿಗೆ ಅಪಾಯ ಹೆಚ್ಚಾಗಿತ್ತೆಂದು ಅಲ್ಲಿಯ ಸಂಶೋಧಕರು ಕಂಡುಕೊಂಡರು. 2010ರ ಮೇ ತಿಂಗಳಲ್ಲಿ ಅಹಮದಾಬಾದಿನಲ್ಲಿ ಉಷ್ಣ 46.8 ಡಿಗ್ರಿಗೆ ಏರಿ ಸಾವುಗಳು ಹೆಚ್ಚಿದ ಬಳಿಕ, 2013ರಲ್ಲಿ ಆ ನಗರ ಬಿಸಿಗಾಳಿಯನ್ನು ಎದುರಿಸುವ ಯೋಜನೆಯನ್ನೇ ರೂಪಿಸಿತು. ಮುಂದೆ ಬಡವರ ಮನೆಗಳ ಮಾಳಿಗೆಗೆ ಬಿಳಿಯ ಬಣ್ಣ ಬಳಿಸುವುದೂ ಆ ಯೋಜನೆಯ ಭಾಗವಾಯಿತು. ನಮ್ಮ ಹಿರಿಯರ ಸುಣ್ಣದ ಕೆಲಸವೇ ಅದು. ಸ್ಲ್ಯಾಬಿಗೆ ಬೇಸಿಗೆಯ ಮೊದಲು ಎರಡು ಸಲ ದಪ್ಪವಾಗಿ ಸುಣ್ಣ ಬಳಿಸಿದರೆ ಕಿಟಕಿಯ ಫ್ಯಾನಿನ ಭಾರ ಅಷ್ಟು ಕಡಿಮೆಯಾಗುತ್ತದೆ. ಮನೆಗೆ ಒಂದೇ ಫ್ಯಾನು ತರುವುದಾದರೆ ಅದು ಅಜ್ಜ ಅಜ್ಜಿಯರು ಮಲಗುವ ಕೋಣೆಗೆ ಮೊದಲು ಹೋಗಬೇಕು. ಆ ಕೋಣೆಗೆ ಕಿಟಕಿಯೇ ಇಲ್ಲವಾದರೆ ಅವರ ಹಾಸಿಗೆಯನ್ನು ಪಡಸಾಲೆಗೆ ತರಬೇಕು.

ಕೋಣೆಯ ಗಾಳಿಯೇ 40 ಡಿಗ್ರಿ ದಾಟಿದಾಗ ಯಾವ ಫ್ಯಾನಿನ ಗಾಳಿಯೂ ಮೈಯನ್ನು ತಣಿಸದು, ಕಾಯಿಸುತ್ತದೆ. ಆಗ ಒದ್ದೆ ಬಟ್ಟೆಯಿಂದ ಮೈ ಒರೆಸುವುದು, ಗುಟುಕು ಗುಟುಕಾಗಿ ನೀರು ಕುಡಿಸುವುದು ಸರಿ. ಮೈ ಕೆಂಡದಂತೆ ಸುಡುತ್ತಿದ್ದು, ಮಾತು ತೊದಲಿ, ಎಚ್ಚರ ತಪ್ಪುವಂತಾದರೆ ಮನೆಮದ್ದಿಗೆ ಕೈಹಾಕದೆ, ಬಾಯಿಗೆ ಏನನ್ನೂ ಹಾಕದೆ, ಮೈಗೆ ನೀರು ಚಿಮುಕಿಸುತ್ತ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಒಯ್ಯಬೇಕು.

ಮುಂಗಾರು ಹಿಡಿದ ಮೇಲೆ ಫ್ಯಾನಿನ ಸ್ವಿಚ್ಚು ನಿಲ್ಲಿಸಿ, ಪ್ಲಗ್ ಕಳಚಿ, ಅಲಗುಗಳ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು. ಮಳೆಗಾಲದಲ್ಲಿ ಗೋಡೆಗೆ ಬೂಷ್ಟು ಬರುವ ಮನೆಗಳಲ್ಲಿ, ಮಳೆ ಬಿಡುವು ಕೊಟ್ಟ ಹಗಲಿನಲ್ಲಿ ಅದನ್ನು ಒಂದೆರಡು ಗಂಟೆ ಹಚ್ಚುವುದು ಉಬ್ಬಸ, ಕೆಮ್ಮು ಇರುವವರಿಗೆ ಹಿತ.