ಬೊಂಬೆ ಯಾರದು, ಪರಂಪರೆ ಯಾರದು?

ಪರಂಪರೆ, ಪರಂಪರೆ ಅಂತ ಬಾಯಿ ತುಂಬ ಹೇಳುವವರ ಅಂಗೈಯನ್ನು ಒಮ್ಮೆ ನೋಡಿ. ಅಲ್ಲಿ ಉಳಿ ಹಿಡಿದ ಗುರುತು ಇರುವುದಿಲ್ಲ. ಮರದ ಧೂಳು ಕುಡಿದು ಕೆಮ್ಮುವವನು ಈ ಮಾತು ಆಡುವುದೂ ಇಲ್ಲ. ಅವನು ಕೇಳುವುದು, ಈ ವಾರದ ಬಟವಾಡೆ ಎಷ್ಟು ಅಂತ.

ಚನ್ನಪಟ್ಟಣದ ಬೊಂಬೆಯನ್ನೇ ತೆಗೆದುಕೊಳ್ಳೋಣ. ಹಾಲೆ ಮರವನ್ನು ಚೆನ್ನಾಗಿ ಒಣಗಿಸಿ, ತುಂಡು ಮಾಡಿ, ಲೇತಿಗೆ ಸಿಕ್ಕಿಸಿ, ಉಳಿ ಕೊಟ್ಟು ಆಕಾರ ತೆಗೀತಾರೆ. ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಉಜ್ಜಾಟದ ಬಿಸಿಗೇ ಅರಗು ಕರಗಿ ಮರದ ಮೈಗೆ ಹತ್ತಿಕೊಳ್ಳುತ್ತದೆ. ಆಮೇಲೆ ಗರಿ ಒತ್ತಿ ಹೊಳಪು ಕೊಡುತ್ತಾರೆ. ಎಷ್ಟು ಒತ್ತಬೇಕು, ಯಾವಾಗ ಬಿಡಬೇಕು ಅನ್ನುವುದು ಪುಸ್ತಕದಲ್ಲಿಲ್ಲ, ಬೆರಳಿನಲ್ಲಿದೆ. ಇದು ವಿದ್ಯೆ. ಮಂತ್ರ ಬಾಯಿಪಾಠ ಮಾಡುವುದಕ್ಕೆ ವಿದ್ಯೆ ಅಂತಲೂ ಇದಕ್ಕೆ ಕಸುಬು ಅಂತಲೂ ಹೆಸರಿಟ್ಟವರು ಯಾರು, ಯಾಕೆ ಇಟ್ಟರು ಅನ್ನುವುದನ್ನು ಈ ಪತ್ರಿಕೆಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಟಿಪ್ಪು ಸುಲ್ತಾನ ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿ ಈ ಕೆಲಸ ಕಲಿಸಿದ ಅಂತ ಜನ ಹೇಳುತ್ತಾರೆ. ಲೇತಿನ ಮುಂದೆ ಕೂತವರಲ್ಲಿ ಮುಸ್ಲಿಮರು ಬಹಳ ಮಂದಿ. 2015ರ ಗಣರಾಜ್ಯೋತ್ಸವದಲ್ಲಿ ಕರ್ನಾಟಕದ ಸ್ತಬ್ಧಚಿತ್ರವಾಗಿ ದಿಲ್ಲಿಯಲ್ಲಿ ಮೆರೆದದ್ದು ಇದೇ ಬೊಂಬೆ. 2019ರಲ್ಲಿ ಸರ್ಕಾರದ ಟಿಪ್ಪು ಜಯಂತಿ ರದ್ದಾಯಿತು. ಮಾರನೆಯ ವರ್ಷ ಪ್ರಧಾನಿಗಳು ರೇಡಿಯೋದಲ್ಲಿ ಚನ್ನಪಟ್ಟಣದ ಹೆಸರೆತ್ತಿ ದೇಶೀ ಆಟಿಕೆಯ ಗುಣಗಾನ ಮಾಡಿದರು. ಬೊಂಬೆ ಬೇಕು, ಬೊಂಬೆಯ ಚರಿತ್ರೆ ಬೇಡ. ಎಂಥ ಮಡಿ ನೋಡಿ ಇದು!

ಇನ್ನು ಭೌಗೋಳಿಕ ಸೂಚಕದ ಪಟ್ಟ. 1999ರ ಕಾಯಿದೆಯಡಿ ಚನ್ನಪಟ್ಟಣದ ಬೊಂಬೆಗೆ ಆ ಪಟ್ಟ ಸಿಕ್ಕಿ ಸುಮಾರು ಇಪ್ಪತ್ತು ವರ್ಷವಾಯಿತು. ದಾಖಲೆಯಲ್ಲಿ ಒಡೆಯ ಯಾರು? ಸರ್ಕಾರದ ಕರಕುಶಲ ಅಭಿವೃದ್ಧಿ ನಿಗಮ. ಲೇತ್ ತಿರುಗಿಸುವವನು ಬೇರೆ ಅರ್ಜಿ ಹಾಕಿ 'ಅಧಿಕೃತ ಬಳಕೆದಾರ' ಆಗಬೇಕು. ತನ್ನಪ್ಪ ಮಾಡಿದ ಬೊಂಬೆಯ ಹೆಸರನ್ನು ಬಳಸಿಕೊಳ್ಳಲು ತಾನೇ ಅರ್ಜಿ ಗುಜರಾಯಿಸಬೇಕು ಸ್ವಾಮಿ! 2021ರ ಜನವರಿಯಿಂದ ಆಟಿಕೆಗೆ ಗುಣಮಟ್ಟದ ಮುದ್ರೆ ಕಡ್ಡಾಯವಾದಾಗಲೂ ವಿನಾಯಿತಿ ಸಿಕ್ಕಿದ್ದು ನೋಂದಾಯಿತರಿಗೆ. ಕಾಗದ ಇಲ್ಲದವನು ಕಾನೂನಿನ ಕಣ್ಣಿಗೆ ಕುಶಲಕರ್ಮಿಯೇ ಅಲ್ಲ.

ನಮ್ಮ ಕೇರಿಯ ಗೆಳೆಯರು ಕೇಳಬಹುದು: ಈ ಬೊಂಬೆ ಕಟ್ಟಿಕೊಂಡು ನಮಗೇನಾಗಬೇಕು ಅಂತ. ಆಗಬೇಕಾದದ್ದು ಇದೆ.

2023ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ವಿಶ್ವಕರ್ಮ ಯೋಜನೆ ತಂದಿತು. ಐದಾರು ದಿನದ ತರಬೇತಿ, ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000, ಕಡಿಮೆ ಬಡ್ಡಿಯ ಸಾಲ. ದುಡ್ಡು ಬಂದರೆ ಬೇಡ ಅನ್ನುವ ಹುಚ್ಚ ನಾನಲ್ಲ. ಬಂದದ್ದನ್ನು ಹಕ್ಕಿನಿಂದ ತೆಗೆದುಕೊಳ್ಳಿ. ಆದರೆ ಅದರ ಭಾಷೆ ಓದಿ. 'ಗುರು-ಶಿಷ್ಯ ಪರಂಪರೆ', 'ಕುಟುಂಬದ ಸಾಂಪ್ರದಾಯಿಕ ವೃತ್ತಿ'. ಹದಿನೆಂಟು ವೃತ್ತಿಗಳ ಪಟ್ಟಿ. ಅದರಲ್ಲಿ ಬಡಗಿ, ಬೊಂಬೆ ಮಾಡುವವನು, ಕುಂಬಾರ, ಅಗಸ, ಕ್ಷೌರಿಕ, ಚಪ್ಪಲಿ ಹೊಲಿಯುವವನು, ಬುಟ್ಟಿ-ಪೊರಕೆ ಹೆಣೆಯುವವನು ಎಲ್ಲರೂ ಇದ್ದಾರೆ. ಪುರೋಹಿತ ಇಲ್ಲ. ಅದೂ ಕುಟುಂಬದ ಸಾಂಪ್ರದಾಯಿಕ ವೃತ್ತಿಯೇ ತಾನೆ?

ಇದೇ ಹಾಡನ್ನು 1953ರಲ್ಲಿ ಮದ್ರಾಸಿನಲ್ಲಿ ರಾಜಾಜಿ ಹಾಡಿದ್ದರು. ಅರ್ಧ ದಿನ ಶಾಲೆ, ಉಳಿದ ಹೊತ್ತು ಅಪ್ಪನ ಕಸುಬು. ಪೆರಿಯಾರ್ ಕಡೆಯವರು ಅದನ್ನು ಕುಲಕಲ್ವಿ ಎಂದು ಕರೆದು ಬೀದಿಗಿಳಿದರು. ಮರುವರ್ಷವೇ ಅದು ಹೋಯಿತು. ಆ ನೆನಪು ಇದ್ದದ್ದಕ್ಕೇ 2024ರ ನವೆಂಬರಿನಲ್ಲಿ ತಮಿಳುನಾಡು ಸರ್ಕಾರ ವಿಶ್ವಕರ್ಮ ಯೋಜನೆಯನ್ನು ಈಗಿನ ರೂಪದಲ್ಲಿ ಜಾರಿ ಮಾಡೋದಿಲ್ಲ ಅಂತ ಕೇಂದ್ರಕ್ಕೆ ಬರೆಯಿತು. ನಮ್ಮಲ್ಲಿ ಎಷ್ಟು ಜನ ಇದನ್ನು ಚರ್ಚೆ ಮಾಡಿದೆವು? ಬಾಬಾಸಾಹೇಬರು 1936ರಲ್ಲಿ 'ಜಾತಿ ವಿನಾಶ'ದಲ್ಲಿ ತರಿದು ಹಾಕಿದ್ದೇ ಈ ಹುಟ್ಟಿನ ಕಸುಬಿನ ವಾದವನ್ನು. ನಾವು ಏಪ್ರಿಲ್ 14ಕ್ಕೆ ಹಾರ ಹಾಕಿ ಮನೆಗೆ ಬಂದೆವು.

'ಮಕ್ಕಳು ಬಿಟ್ಟರೆ ಕಲೆ ಸಾಯುತ್ತಲ್ಲ?' ಅಂತ ನಗರದ ಕಲಾಪ್ರೇಮಿಗಳು ಮರುಗುತ್ತಾರೆ. ಅವರ ಮಕ್ಕಳು ಎಲ್ಲಿ ಓದುತ್ತಿದ್ದಾರೆ ಅಂತ ಕೇಳಬಾರದು; ಕೇಳಿದರೆ ಮುಖ ಕೆಂಪಗಾಗುತ್ತದೆ. ಆದರೂ ಉತ್ತರ ಕೊಡೋಣ. ಜನ ಹೇಳುವ ಕತೆ ನಿಜವಾದರೆ, ಚನ್ನಪಟ್ಟಣದವರು ಇದನ್ನು ಹುಟ್ಟಿನಿಂದ ಪಡೆಯಲಿಲ್ಲ, ಹೊರಗಿನವರಿಂದ ಕಲಿತರು. ಇವತ್ತು ಹೆಂಗಸರೂ ಲೇತಿನ ಮುಂದೆ ಕೂತಿದ್ದಾರೆ. ಕಲಿಸಿದರೆ ಯಾರಿಗೂ ಬರುವ ವಿದ್ಯೆ ಇದು. ಅದು ಸಾಯುವುದು ರಕ್ತ ಕೆಟ್ಟಿದ್ದಕ್ಕಲ್ಲ, ಕೂಲಿ ಕೆಟ್ಟಿದ್ದಕ್ಕೆ. 2023ರಲ್ಲಿ ಬೆಂಗಳೂರು-ಮೈಸೂರು ಹೆದ್ದಾರಿ ಊರಿನ ಹೊರಗೆ ಹಾದುಹೋದಾಗ ಹಳೇ ರಸ್ತೆಯ ಬೊಂಬೆ ಅಂಗಡಿಗಳ ವ್ಯಾಪಾರ ಕುಸಿಯಿತು. ಆಗ ಈ ಕಲಾಪ್ರೇಮಿಗಳ ಕಾರು ಅತ್ತ ತಿರುಗಲಿಲ್ಲ.

ಮೇಷ್ಟ್ರುಗಳಿಗೆ ಒಂದು ಮಾತು. ಬೊಂಬೆ ಮಾಡುವವನ ಮಗಳು ಡಾಕ್ಟರಾಗ್ತೀನಿ ಅಂದರೆ ಅವಳಿಗೆ ಪರಂಪರೆ ನೆನಪಿಸಬೇಡಿ. ಹೊಲಗೇರಿಯ ಹುಡುಗ ಲೇತ್ ಕಲೀತೀನಿ ಅಂದರೆ ಅವನ ಜಾತಿ ಕೇಳಬೇಡಿ. ವಿದ್ಯಾರ್ಥಿ ಗೆಳೆಯರು ತಾಲ್ಲೂಕು ಕಚೇರಿಗೆ ಹೋಗಿ ಕೂತು, ಲೇತಿನವರ ನೋಂದಣಿ ಅರ್ಜಿಗಳನ್ನು ತುಂಬಿಕೊಡಲಿ. ಧೂಳು ತಡೆಯುವ ಯಂತ್ರ, ಬೊಂಬೆಗೆ ಇಂತಿಷ್ಟು ಎಂಬ ಲಿಖಿತ ದರ, ಪೆಟ್ಟಿಗೆಯ ಮೇಲೆ ಮಾಡಿದವರ ಹೆಸರು: ಇವನ್ನು ಬರೆದು ನಿಗಮದ ಮುಂದೆ ಇಡೋಣ. ಉತ್ತರ ಬರದಿದ್ದರೆ ತಮಟೆ ಹೇಗೂ ನಮ್ಮ ಹತ್ತಿರ ಇದೆ.