ಬಿಡುವಿಲ್ಲದ ಕರೆಂಟು
ಪರಿಚಯದವರೊಬ್ಬರ ತಾರಸಿಗೆ ಈ ವಾರ ಸೋಲಾರ್ ಬಂತು. ಪೆಟ್ಟಿಗೆಯೊಳಗೆ ಇಣುಕಿದರೆ ಅಡುಗೆಮನೆಗೆ ಹಾಕುವಂಥದೇ ಎಸಿ ಎಂಸಿಬಿ, ಅಂದರೆ ಕರೆಂಟು ಮಿತಿ ಮೀರಿದರೆ ತಾನೇ ಬಿಚ್ಚಿಕೊಳ್ಳುವ ಬ್ರೇಕರ್. ‘ಆಂಪಿಯರ್ ಸರಿಯಾಗೇ ಇದೆಯಲ್ಲ ಸಾರ್’ ಅಂದ ಕೆಲಸದ ಹುಡುಗ. ಆಂಪಿಯರ್ ಸರಿಯೇ, ಕರೆಂಟಿನ ಗುಣ ಬೇರೆ. ಎಸಿ ಅನ್ನುವುದು ಉಯ್ಯಾಲೆಯಿದ್ದಂತೆ, ತುದಿ ಮುಟ್ಟಿದಾಗಲೆಲ್ಲ ಒಂದು ಚಿಟಿಕೆ ಹೊತ್ತು ನಿಲ್ಲುತ್ತದೆ. ನಮ್ಮ 50 ಹರ್ಟ್ಸ್‌ನಲ್ಲಿ ಸೆಕೆಂಡಿಗೆ 100 ಸಲ ಸೊನ್ನೆ. ಸ್ವಿಚ್ಚು ಬಿಚ್ಚಿಕೊಂಡಾಗ ಹುಟ್ಟುವ ಕಿಡಿ ಆ ಸಂದಿನಲ್ಲೇ ಆರುತ್ತದೆ. ಸೋಲಾರ್ ಫಲಕ ಕೊಡುವ, ಒಂದೇ ದಿಕ್ಕಿಗೆ ಹರಿಯುವ ಡಿಸಿಗೆ ಆ ಬಿಡುವಿಲ್ಲ. ಕಿಡಿಯನ್ನು ಎಳೆದು, ತುಂಡರಿಸಿ, ತಣಿಸಿ, ಅದರ ವೋಲ್ಟೇಜು ಮೂಲದ ವೋಲ್ಟೇಜನ್ನು ಮೀರುವಂತೆ ಮಾಡಿದರೆ ಮಾತ್ರ ಸಾಯುತ್ತದೆ. ಡಿಸಿ ಎಂಸಿಬಿಗೆ ಕೊಡುವ ಹೆಚ್ಚಿನ ದುಡ್ಡು ಇದಕ್ಕೇ. ಇನ್ನೂ ಅಪಾಯದ ಸಂಗತಿಯೆಂದರೆ, ಫಲಕ ಶಾರ್ಟ್ ಆದಾಗಲೂ ಕೊಡುವ ಕರೆಂಟು ಮಾಮೂಲಿಗಿಂತ ತುಸುವೇ ಹೆಚ್ಚು. ಬ್ರೇಕರಿಗೆ ದೋಷದ ಸುಳಿವೇ ಸಿಗದೆ, ಬಿಸಿಲಿರುವಷ್ಟೂ ಹೊತ್ತು ಕಿಡಿ ಉರಿಯಬಹುದು. ದೂರದೂರಿಗೆ ಕರೆಂಟು ಸಾಗಿಸುವ ದೊಡ್ಡ ಡಿಸಿ ಲೈನುಗಳ ಪಾಡೂ ಇದೇ, ಉಪಾಯ ಮಾತ್ರ ಬೇರೆ. ಒಡಿಶಾದ ತಾಲ್ಚೇರಿನಿಂದ ಕೋಲಾರಕ್ಕೆ ಬರುವ ±500 ಕಿಲೋವೋಲ್ಟ್ ಡಿಸಿ ಲೈನಿಗೆ ಎರಡೇ ತುದಿ. ದೋಷ ಕಂಡೊಡನೆ ತುದಿಯ ಥೈರಿಸ್ಟರುಗಳೆಂಬ ಎಲೆಕ್ಟ್ರಾನಿಕ್ ಸ್ವಿಚ್ಚುಗಳೇ ಕರೆಂಟನ್ನು ಸೊನ್ನೆಗಿಳಿಸಿ, ಆಮೇಲೆ ಮತ್ತೆ ಎತ್ತುತ್ತವೆ. ಹಲವು ತುದಿಗಳ ಜಾಲದಲ್ಲಿ ಹಾಗೆ ಮಾಡಿದರೆ ಒಂದು ತಂತಿಯ ತಪ್ಪಿಗೆ ಎಲ್ಲರಿಗೂ ಕತ್ತಲು. ಚೀನಾದ ಝಾಂಗ್‌ಬೇಯಲ್ಲಿ 2020ರಲ್ಲಿ ಚಾಲೂ ಆದ ನಾಲ್ಕು ತುದಿಯ ಜಾಲಕ್ಕೆ, ಕೆಲವೇ ಮಿಲಿಸೆಕೆಂಡಿನಲ್ಲಿ ದೋಷದ ತಂತಿಯನ್ನಷ್ಟೇ ಬೇರ್ಪಡಿಸುವ ಡಿಸಿ ಬ್ರೇಕರುಗಳನ್ನು ಕೂರಿಸಲೇಬೇಕಾಯಿತು.